ಮೊದಲ ದಿನದ ಬಲ

ಪುಟ್ಟಮಾದ ಆ ಮಾತು ಹೇಳಿದಾಗ ನಾವಿಬ್ಬರೂ ಎಲ್ಲಿ ಕೂತಿದ್ದೆವು ಎಂಬುದೇ ನನಗೀಗ ಖಚಿತವಿಲ್ಲ. ಹಬೆಯ ಕೋಣೆಯಲ್ಲಿ ಎನ್ನುತ್ತದೆ ನೆನಪು. ಆದರೆ ಅದೇ ನೆನಪಿನಲ್ಲಿ ನನ್ನ ಮೂಗಿನ ಮೇಲೆ ಕನ್ನಡಕವೂ ಇದೆ. ಫಿನ್‌ಲೆಂಡಿನ ಆ ಹಬೆಯ ಕೋಣೆಗೆ ಕನ್ನಡಕ ಹಾಕಿಕೊಂಡು ಹೋದವನಿಗೆ ಅರೆಗಳಿಗೆಯಲ್ಲಿ ಗಾಜು ಮಂಜಾಗಿ ಏನೂ ಕಾಣುವುದಿಲ್ಲ. ಏನೂ ಕಾಣದಿದ್ದರೆ ಅವನು ನಕ್ಕದ್ದು ನನಗೆ ಹೇಗೆ ಕಂಡಿತು? ಹಾಗಾಗಿ ಇದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಬರೆಯುವವನೂ ಹಾಗೆಯೇ ಬರೆಯುತ್ತಿದ್ದಾನೆ.

ಮೈಸೂರಿನಲ್ಲಿ ಶರೀರಶಾಸ್ತ್ರ ಓದಿ ಕೊಳ್ಳೇಗಾಲದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ನನಗೆ ಒಂದು ಚಟವಿತ್ತು. ಯಾರು ಏನೇ ಹೇಳಿದರೂ ‘ಅದಕ್ಕೆ ಆಧಾರವೇನು’ ಎಂದು ಕೇಳುವುದು. ಮನೆಯಲ್ಲಿ ಈ ಚಟದಿಂದ ಎಷ್ಟೋ ಊಟಗಳು ಅರ್ಧಕ್ಕೇ ನಿಂತಿವೆ. ತೊಂಬತ್ತರ ದಶಕದಲ್ಲಿ, ನಮ್ಮ ತಾಲ್ಲೂಕು ಇನ್ನೂ ಮೈಸೂರು ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ, ಆಧಾರ ಕೇಳುವುದೇ ಕಸುಬಾಗಿದ್ದ ಜನರ ನಡುವೆ ಒಂದು ಚಳಿಗಾಲ ಕಳೆದು ಬಂದೆ. ಆಧಾರ ಕೇಳುವುದಕ್ಕೂ, ಕೇಳಿ ಸಿಕ್ಕ ಉತ್ತರಕ್ಕೆ ತಲೆಬಾಗುವುದಕ್ಕೂ ಇರುವ ದೂರ ಅಲ್ಲಿ ಗೊತ್ತಾಯಿತು.

ಹನೂರಿನ ಹಲಗೆ

ಎಲ್ಲಕ್ಕೂ ಕಾರಣ ಒಂದು ಹಲಗೆ. ಫಿನ್‌ಲೆಂಡಿನ ಪ್ರೊಫೆಸರೊಬ್ಬರು ಮೈಸೂರಿಗೆ ಉಪನ್ಯಾಸಕ್ಕೆ ಬಂದಿದ್ದರು. ಕ್ರೀಡಾಪಟುಗಳ ದೇಹದ ಬಗ್ಗೆ ಸಂಶೋಧನೆ ಅವರ ಕೆಲಸ. ಉಪನ್ಯಾಸ ಮುಗಿದ ಮೇಲೆ ಬೆಟ್ಟ ಕಾಡು ನೋಡಬೇಕು ಎಂದರು. ಮಹದೇಶ್ವರ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಹೊಣೆ ಆ ಕಡೆಯವನೆಂದು ನನ್ನ ತಲೆಗೆ ಬಂತು. ದಾರಿಯಲ್ಲಿ ಹನೂರಿನಲ್ಲಿ ಟೀ ಕುಡಿಯಲು ಇಳಿದೆವು. ಎದುರಿಗಿದ್ದ ಧಾನ್ಯದ ಮಂಡಿಯ ಮುಂದೆ ಒಂದು ಲಾರಿ, ನೆಲದಿಂದ ಲಾರಿಗೆ ಓರೆಯಾಗಿ ಇಟ್ಟ ಒಂದು ಹಲಗೆ. ಸಣಕಲು ಆಳೊಬ್ಬ ಬೆನ್ನ ಮೇಲೆ ಜೋಳದ ಮೂಟೆ ಹೊತ್ತು ಹಲಗೆ ಹತ್ತುತ್ತಿದ್ದ, ಇಳಿಯುತ್ತಿದ್ದ, ಮತ್ತೆ ಹತ್ತುತ್ತಿದ್ದ. ಪ್ರೊಫೆಸರರ ಟೀ ಕೈಯಲ್ಲೇ ಆರಿಹೋಯಿತು.

ಅವರು ಇಪ್ಪತ್ತು ವರ್ಷದಿಂದ ಹಿಂದೆ ಬಿದ್ದಿದ್ದ ಪ್ರಶ್ನೆ ಆ ಹಲಗೆಯ ಮೇಲೆ ಓಡಾಡುತ್ತಿತ್ತು. ಭಾರ ಎತ್ತುವ ತಾಲೀಮು ಕೊಟ್ಟರೆ ದೇಹಕ್ಕೆ ಬಲ ಬರುತ್ತದೆ. ಓಡುವ ತಾಲೀಮು ಕೊಟ್ಟರೆ ದಮ್ಮು ಬರುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ? ಓಟ ಬಲವನ್ನು ತಿಂದುಹಾಕುತ್ತದೆ ಎನ್ನುವವರು ಒಂದು ಕಡೆ, ಇಲ್ಲ ಎನ್ನುವವರು ಇನ್ನೊಂದು ಕಡೆ. ಪ್ರೊಫೆಸರು ಇಲ್ಲ ಎನ್ನುವ ಪಕ್ಷ. “ಇವನಲ್ಲಿ ಎರಡೂ ಇದೆಯಲ್ಲ! ಇವನನ್ನು ನನ್ನ ಪ್ರಯೋಗಶಾಲೆಗೆ ಕರೆತರಬಹುದೇ?” ಎಂದರು. ಬಿಳಿಯರ ತಮಾಷೆ ಎಂದುಕೊಂಡು ನಕ್ಕೆ. ಕೆಲವು ತಿಂಗಳ ಮೇಲೆ ಇಬ್ಬರ ಹೆಸರಿಗೂ ಟಿಕೆಟ್ ಬಂದಾಗ ನಗು ಬರಲಿಲ್ಲ, ಬೆವರು ಬಂತು. ಅವನ ಜೊತೆಗೆ ದುಭಾಷಿಯಾಗಿ ನಾನು.

ಆ ಆಳೇ ಪುಟ್ಟಮಾದ. ಹನೂರಿನ ಪಕ್ಕದ ಹಳ್ಳಿಯವನು, ಮೂವತ್ತು ದಾಟಿದವನು. ಮಳೆ ಬಿದ್ದಾಗ ಸ್ವಂತ ಹೊಲ, ಉಳಿದ ಕಾಲಕ್ಕೆ ಮಂಡಿಯ ಮೂಟೆ. ವಿಷಯ ಹೇಳಲು ಹೋದಾಗ ಮಂಡಿಯ ಆಳುಗಳೆಲ್ಲ ಸುತ್ತ ನೆರೆದರು.

“ಮೂಟೆ ಒರಾಕೆ ಇಮಾನ್ದಲ್ಲಿ ಕರ್ಕಂಡೋಯ್ತರಾ ಸಾ? ಅಲ್ಲಿ ಆಳ್ಗಳೇ ಇಲ್ವಾ?” ಎಂದ ಪುಟ್ಟಮಾದ.

“ಲೇ, ಕುಯ್ದು ಕರ್ಳು ತಕ್ಕತಾರೆ ಕಣ್ಲಾ, ಓಗ್ಬ್ಯಾಡ,” ಎಂದ ಒಬ್ಬ.

“ತಕ್ಕಳ್ಲಿ ಬುಡ್ಲಾ. ನಿಂದು ಸಾರಾಯಿ ವಾಸ್ನೆ ಅಂತ ಬುಟ್ಟು ನನ್ನ ಕರೀತಾವ್ರೆ.”

ಮಂಡಿ ನಗೆಯಿಂದ ತುಂಬಿಹೋಯಿತು. ಹೊರಡುವ ತೀರ್ಮಾನ ಆದದ್ದು ಹೀಗೆ. ನಾನು ನನ್ನ ಹೆಂಡತಿಯನ್ನು ಒಪ್ಪಿಸಲು ಹದಿನೈದು ದಿನ ತೆಗೆದುಕೊಂಡೆ.

ಅಳೆಯುವ ಮನೆ

ವಿಮಾನದಲ್ಲಿ ಅವನು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ. ಇದನ್ನು ಇಲ್ಲಿ ಹೇಳುವುದು ಅವನನ್ನು ಹಾಸ್ಯ ಮಾಡಲಿಕ್ಕಲ್ಲ. ಮುಂದೆ ನನ್ನ ತಲೆ ಕೊರೆದ ಅನುಮಾನಕ್ಕೆ ಈ ವಾಂತಿಯೂ ಒಂದು ಕಾರಣ.

ಸರೋವರದ ದಡದ ಪುಟ್ಟ ಊರು. ನಾವು ಇಳಿದಾಗ ಮಧ್ಯಾಹ್ನ ಮೂರು ಗಂಟೆ, ಆಗಲೇ ಕತ್ತಲೆ. ಪುಟ್ಟಮಾದ ಗಡಿಯಾರ ನೋಡಿ, ಆಕಾಶ ನೋಡಿ, ನನ್ನ ಮುಖ ನೋಡಿದ. “ಇದೇನ್ ಸಾ, ಊಟದ ಒತ್ಗೇ ಕೋಳಿ ಗೂಡಿಗ್ ಓಗಂಗಾಯ್ತಲ್ಲ!” ನನ್ನಲ್ಲಿ ಭೂಗೋಳದ ವಿವರಣೆ ಇತ್ತು. ಆದರೆ ಅವನಷ್ಟೇ ನಾನೂ ಬೆಚ್ಚಿದ್ದೆ. ಪುಸ್ತಕದಲ್ಲಿ ಓದಿದ ಕತ್ತಲೆಯೇ ಬೇರೆ, ಮೈಮೇಲೆ ಬಿದ್ದ ಕತ್ತಲೆಯೇ ಬೇರೆ.

ಮರುದಿನವೇ ಪ್ರಯೋಗಶಾಲೆ. ಅಲ್ಲಿ ಬಾಗಿಲು ತೆಗೆದವಳು ಕೈಸಾ. ಪ್ರೊಫೆಸರರ ಕೈಕೆಳಗೆ ಡಾಕ್ಟರೇಟಿಗಾಗಿ ದುಡಿಯುತ್ತಿದ್ದ ಹುಡುಗಿ, ರೈತರ ಮನೆಯ ಮಗಳು. ಬಲ ಮತ್ತು ದಮ್ಮಿನ ಈ ಪ್ರಶ್ನೆಯ ಮೇಲೆ ಅವಳಿಗಿದು ಮೂರನೆಯ ಚಳಿಗಾಲ. ಒಂದು ಗುಂಪಿಗೆ ಬರೀ ಭಾರ, ಇನ್ನೊಂದು ಗುಂಪಿಗೆ ಭಾರ ಮತ್ತು ಓಟ ಎರಡೂ. ಮೊದಲ ದಿನ ಒಂದು ಅಳತೆ, ಎರಡು ತಿಂಗಳ ತಾಲೀಮಿನ ನಂತರ ಇನ್ನೊಂದು ಅಳತೆ. ಎರಡರ ನಡುವಿನ ವ್ಯತ್ಯಾಸವೇ ಅವಳ ಪ್ರಬಂಧ. ಈ ಸಲ ಸರಿಯಾಗಿ ಮುಗಿದರೆ ಬೇಸಿಗೆಗೆ ಪದವಿ. ಕೆಟ್ಟರೆ ಹೊಸ ಜನರನ್ನು ಹುಡುಕಿ ಮೊದಲಿನಿಂದ ಶುರು. ಇದನ್ನು ಅವಳು ನನಗೆ ಮೊದಲ ಹತ್ತು ನಿಮಿಷದಲ್ಲೇ ಹೇಳಿದಳು.

ನನ್ನನ್ನು ದಂಗುಬಡಿಸಿದ್ದು ಯಂತ್ರಗಳಲ್ಲ. ಪಕ್ಕದ ಹಜಾರದಲ್ಲಿ ಎಂಬತ್ತರ ಮುದುಕಿಯೊಬ್ಬಳು ಬೆಂಚಿನ ಮೇಲೆ ಕೂತು ಕಬ್ಬಿಣ ಎತ್ತುತ್ತಿದ್ದಳು. ಪಕ್ಕದಲ್ಲಿ ನಿಂತ ಹುಡುಗ ಸಹಾಯ ಮಾಡುವುದು ಬಿಟ್ಟು ಇನ್ನಷ್ಟು ಭಾರ ಏರಿಸಿದ. ಕೊಳ್ಳೇಗಾಲದಲ್ಲಿ ನಮ್ಮ ದೊಡ್ಡಮ್ಮ ಬಿಂದಿಗೆಗೆ ಕೈ ಹಾಕಿದರೆ ಮೂರು ಜನ ಓಡಿಬಂದು ಕಸಿದುಕೊಳ್ಳುತ್ತಿದ್ದೆವು. ಅದನ್ನು ಪ್ರೀತಿ ಎಂದುಕೊಂಡಿದ್ದೆವು. ಆ ಹುಡುಗ ಮಾಡಿದ್ದು ಪ್ರೀತಿಯೋ ಕ್ರೌರ್ಯವೋ ಎಂದು ಯೋಚಿಸುತ್ತ ನಿಂತಿದ್ದಾಗ ಮುದುಕಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಪುಟ್ಟಮಾದನನ್ನು ಕುರ್ಚಿಯಲ್ಲಿ ಕೂರಿಸಿ ಸೊಂಟಕ್ಕೆ ಪಟ್ಟಿ ಕಟ್ಟಿದರು. ಎದುರಿಗೆ ಕಬ್ಬಿಣದ ತಟ್ಟೆ. ಕಾಲಿನಿಂದ ಅದನ್ನು ಸಾಧ್ಯವಿದ್ದಷ್ಟೂ ಜೋರಾಗಿ ಒತ್ತಬೇಕು. ತಟ್ಟೆ ಅಲುಗುವುದಿಲ್ಲ, ಪರದೆಯ ಮೇಲೆ ಗೆರೆ ಮಾತ್ರ ಏರುತ್ತದೆ.

“ಅಲ್ಲಾಡ್ದೆ ಇರಾದ ಯಾಕ್ ಸಾ ಒದೀಬೇಕು? ಅದು ಎಲ್ಲೀಗೂ ಓಗಾದಿಲ್ವಲ್ಲ.”

“ಒದಿಯಯ್ಯ, ನಿನ್ನ ಬಲ ಎಷ್ಟು ಅಂತ ನೋಡಬೇಕಂತೆ.”

ಅಷ್ಟು ಹೊತ್ತೂ ಪಿಸುಮಾತಿನಲ್ಲಿ ಮಾತಾಡುತ್ತಿದ್ದ ಕೈಸಾ ಆಗ ಇದ್ದಕ್ಕಿದ್ದಂತೆ ಅವನ ಕಿವಿಯ ಬಳಿ ಬಾಗಿ ಚೀರಿದಳು. “ಒತ್ತು, ಒತ್ತು, ಇನ್ನೂ, ಇನ್ನೂ!” ನಾನು ಒಂದು ಹೆಜ್ಜೆ ಹಿಂದಕ್ಕೆ ಹಾರಿದೆ. ಎಲ್ಲರಿಗೂ ಹಾಗೆಯೇ ಕೂಗುತ್ತಾರಂತೆ, ಪೂರ್ತಿ ಬಲ ಹೊರಗೆ ಬರಲಿ ಎಂದು. ಬಿಳಿ ಕೋಟು ತೊಟ್ಟು ಕೈಯಲ್ಲಿ ಪೆನ್ನು ಹಿಡಿದ ಪ್ರೊಫೆಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಪುಟ್ಟಮಾದ ಮುಖ ಕಿವುಚಿ, ಹಲ್ಲು ಕಚ್ಚಿ, ದೊಡ್ಡದಾಗಿ ಉಸಿರು ಬಿಟ್ಟ.

ಪರದೆಯ ಗೆರೆ, ಅದೇ ಪ್ರಯೋಗಕ್ಕೆ ಬಂದಿದ್ದ ಗ್ರಂಥಾಲಯದ ಗುಮಾಸ್ತನ ಗೆರೆಗಿಂತಲೂ ಕೆಳಗಿತ್ತು.

ಪ್ರೊಫೆಸರು ನನ್ನ ಮುಖ ನೋಡಿದರು. ಹನೂರಿನ ಹಲಗೆಯ ಮೇಲೆ ಕಂಡವನು ಇವನೇ ತಾನೇ ಎನ್ನುವ ಹಾಗೆ. ಪ್ರಯಾಣದ ಸುಸ್ತು, ಚಳಿ, ಹೊಸ ಯಂತ್ರ ಎಂದು ಏನೇನೋ ಹೇಳಿದೆ. ಒಂದು ದಿನ ಬಿಟ್ಟು ಮತ್ತೆ ಅಳೆದರು. ಗೆರೆ ಕೂದಲೆಳೆಯಷ್ಟೂ ಮೇಲೇರಲಿಲ್ಲ. ಅದನ್ನೇ ಅವನ ಮೊದಲ ದಿನದ ಬಲ ಎಂದು ಕೈಸಾ ಕಂಪ್ಯೂಟರಿಗೆ ಸೇರಿಸಿದಳು.

ತೊಡೆಯ ಮಾಂಸ

ನಿಂತಲ್ಲೇ ಓಡಿಸುವ ಯಂತ್ರದ ಪಟ್ಟಿಯ ಮೇಲೆ ಅವನಿಗೆ ತೊಂದರೆಯಾಗಲಿಲ್ಲ. ಮೂಗು ಬಾಯಿ ಮುಚ್ಚಿ ಉಸಿರು ಅಳೆಯುವ ಮುಖವಾಡ ಕಟ್ಟಿದಾಗ ಮಾತ್ರ, “ಒಕ್ಕಣೆ ಎತ್ಗೆ ಕುಕ್ಕೆ ಕಟ್ದಂಗೆ ಕಟ್ಬುಟ್ರಲ್ಲ ಸಾ, ನಾನೇನ್ ಅವ್ರ ಬತ್ತ ತಿಂದ್ಬುಟ್ಟೇನಾ?” ಎಂದ.

ಗಂಡಾಂತರ ಬಂದದ್ದು ಮೂರನೆಯ ದಿನ. ತೊಡೆಯ ಸ್ನಾಯುವಿನಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಆ ಪ್ರಯೋಗದ ಭಾಗ. ನಮ್ಮ ಮುಂದೆಯೇ ಬ್ಯಾಂಕಿನ ನೌಕರನೊಬ್ಬ ಬಂದು ಮಲಗಿದ. ಮರಗಟ್ಟಿಸಿ, ಪೆನ್ಸಿಲಿನಷ್ಟು ದಪ್ಪದ ಸೂಜಿ ಇಳಿಸಿ, ಅವರೆಕಾಳಿನಷ್ಟು ಮಾಂಸ ಹೊರತೆಗೆದರು. ಅವನು ಎದ್ದು, ಪಟ್ಟಿ ಅಂಟಿಸಿಕೊಂಡು, ಕಾಫಿ ಕುಡಿದು, ಸೈಕಲ್ ಹತ್ತಿ ಹಿಮದಲ್ಲಿ ಹೊರಟುಹೋದ. ಯಾರಿಗೋ ಕಾಯಿಲೆ ಎಂದಲ್ಲ, ಯಾವ ಚಿಕಿತ್ಸೆಗೂ ಅಲ್ಲ. ಒಂದು ಪ್ರಶ್ನೆಗೆ ಉತ್ತರ ಬೇಕು ಎಂದು ತನ್ನ ಮಾಂಸ ಕೊಟ್ಟು ಹೋದ. ಶರೀರಶಾಸ್ತ್ರದ ಪದವೀಧರನಾದ ನಾನು ಗೋಡೆ ಹಿಡಿದು ನಿಂತೆ.

“ಆಗಾದಿಲ್ಲ ಸಾ,” ಎಂದ ಪುಟ್ಟಮಾದ. “ಬೇಕಾರೆ ಮೂಟೆ ಒರ್ತೀನಿ, ಓಡು ಅಂದ್ರೆ ಓಡ್ತೀನಿ. ಮಾಂಸ ಕೊಡಾಕೆ ನಾನೇನ್ ಕುರಿಯಾ?”

ಈಗ ಪ್ರಯೋಗದಿಂದ ಹೊರಹಾಕುತ್ತಾರೆ, ಇಷ್ಟು ದೂರ ಬಂದದ್ದು ಹಾಳು ಎಂದುಕೊಳ್ಳುತ್ತಲೇ ನಾನು ಅನುವಾದಿಸಿದೆ. ಕೈಸಾ “ಸರಿ” ಎಂದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನ ಹೆಸರಿನ ಮುಂದೆ ಒಂದು ಗೆರೆ ಎಳೆದು ಮುಂದಿನ ಕೆಲಸಕ್ಕೆ ಹೋದಳು. ಬೇಡ ಎಂದವನನ್ನು ಯಾರೂ ಗದರಲಿಲ್ಲ, ಪುಸಲಾಯಿಸಲಿಲ್ಲ, ನನ್ನ ಮೂಲಕ ಹೇಳಿಸಲಿಲ್ಲ. ನಾನಂತೂ ಅಂಥದ್ದನ್ನು ಅದೇ ಮೊದಲು ನೋಡಿದ್ದು. ಪುಟ್ಟಮಾದ ಅವಳನ್ನು ಕೈಸವ್ವ ಎಂದು ಕರೆಯಲು ಶುರುಮಾಡಿದ್ದು ಆ ಸಂಜೆಯಿಂದ.

ಹಾಸ್ಟೆಲಿನ ಅಡುಗೆಮನೆ

ಅಲ್ಲಿನ ಕಪ್ಪು ರೊಟ್ಟಿ ನೋಡಿ ಪುಟ್ಟಮಾದನಿಗೆ ಸಂತೋಷವಾಯಿತು. ಕಚ್ಚಿ ನೋಡಿ, “ರಾಗಿ ದಾಯಾದಿ ಇದು, ಆದ್ರೆ ಉಳಿ” ಎಂದ. ಹುಳಿ ಸಹಿಸಲಾಗದೆ, ತಂದಿದ್ದ ರಾಗಿ ಹಿಟ್ಟು ಬಿಚ್ಚಿ ಒಂದು ಭಾನುವಾರ ಮುದ್ದೆಗೆ ಎಸರಿಟ್ಟ. ಮುದ್ದೆ ತಿರುವುವ ಕೋಲಿಗೆ ಬದಲು ಯಾರದೋ ಹಿಮದಾಟದ ಮುರುಕು ಕೋಲು. ಹಿಟ್ಟು ತಳ ಹಿಡಿಯಿತು, ಹೊಗೆ ಎದ್ದಿತು, ಛಾವಣಿಯಲ್ಲಿ ಏನೋ ಕಿರುಚಿತು. ಇಡೀ ಕಟ್ಟಡದ ಜನ ಎರಡು ನಿಮಿಷದಲ್ಲಿ ಹೊರಗೆ ಹಿಮದಲ್ಲಿ ಸಾಲಾಗಿ ನಿಂತಿದ್ದರು, ಸ್ನಾನದ ಟವೆಲ್ ಸುತ್ತಿಕೊಂಡವರೂ ಸಹ. ಅಗ್ನಿಶಾಮಕದ ಗಾಡಿ ಬಂತು. ಹೆಲ್ಮೆಟ್ ತೊಟ್ಟ ದೈತ್ಯನೊಬ್ಬ ಒಳಗೆ ಹೋಗಿ ಪಾತ್ರೆ ಹಿಡಿದುಕೊಂಡು ಹೊರಬಂದ.

ಬೈಗುಳ ಬೀಳುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಆ ದೈತ್ಯ ಪಾತ್ರೆ ಮೂಸಿ ನೋಡಿ, ಇದರಲ್ಲಿ ಕಬ್ಬಿಣದ ಅಂಶ ಎಷ್ಟಿದೆ ಎಂದು ಕೇಳಿದ. ಆ ಊರಿನಲ್ಲಿ ಎಲ್ಲರೂ ಹಾಗೆ. ಬಸ್ಸಿನ ಡ್ರೈವರಿಗೆ ತನ್ನ ಎದೆಬಡಿತ ಗೊತ್ತು, ಅಂಗಡಿಯ ಹೆಂಗಸಿಗೆ ತನ್ನ ಓಟದ ವೇಗ ಗೊತ್ತು. ಅಟ್ಟಿಸಿಕೊಂಡು ಬರುವವರು ಯಾರೂ ಇಲ್ಲದೆ ಭಾನುವಾರ ಬೆಳಿಗ್ಗೆ ಹಿಮದಲ್ಲಿ ಓಡುವ ಜನರನ್ನು ಪುಟ್ಟಮಾದ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. “ಬಲ ಇಂಗೆ ಬೀದೀಲಿ ಸುರ್ದುಬುಟ್ರೆ ನಾಳೆ ಗೇಯ್ಮೆಗೆ ಏನ್ ಮಾಡ್ತರೆ ಸಾ?” ಎಂದ. ನಾನು ನಕ್ಕೆ.

ತಾಲೀಮು ನಡೆಯುತ್ತಿತ್ತು. ಒಂದು ದಿನ ಭಾರ, ಒಂದು ದಿನ ಓಟ. ಕೈಸಾ ಪ್ರತಿದಿನ ಅವನ ಪಕ್ಕದಲ್ಲಿ ನಿಲ್ಲುತ್ತಿದ್ದಳು. ‘ಪುತ್ತಾ’ ಎಂದು ಕರೆಯುತ್ತಿದ್ದಳು. ಅವನಿಗೆ ಉಣ್ಣೆಯ ಕಾಲುಚೀಲ ಹೆಣೆದು ತಂದಳು. ಅವನು ಅವಳಿಗೆ ಮಂಡಿಯ ಬೈಗುಳಗಳನ್ನು ಕಲಿಸಿದ. ಒಂದು ದಿನ ಅವಳು ಕೆಟ್ಟುನಿಂತ ಯಂತ್ರವನ್ನು ಅಚ್ಚ ಹನೂರು ಕನ್ನಡದಲ್ಲಿ ಬೈದಳು. ನಾನು ಪ್ರೊಫೆಸರಿಗೆ ಅದನ್ನು ಅನುವಾದಿಸಲಿಲ್ಲ.

ಕೊನೆಯ ಅಳತೆ

ಎರಡು ತಿಂಗಳ ನಂತರ ಅವನನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರು. ಕೈಸಾ ಬಾಗಿ ಚೀರಿದಳು. ಪುಟ್ಟಮಾದ ಈ ಸಲ ಮುಖ ಕಿವುಚಲಿಲ್ಲ, ಹಲ್ಲು ಕಚ್ಚಲಿಲ್ಲ. ಉಸಿರು ಹಿಡಿದು ತಟ್ಟೆ ಒತ್ತಿದ. ಗೆರೆ ಏರಿತು, ಏರುತ್ತಲೇ ಹೋಯಿತು, ಪರದೆಯ ಮೇಲಂಚಿಗೆ ತಗುಲಿತು. ಕುರ್ಚಿಯನ್ನು ನೆಲಕ್ಕೆ ಬಿಗಿದ ಬೋಲ್ಟು ಕಿರುಗುಟ್ಟಿತು.

ಯಂತ್ರ ಕೆಟ್ಟಿದೆ ಎಂದು ಬೇರೊಬ್ಬನನ್ನು ಕೂರಿಸಿ ನೋಡಿದರು. ಯಂತ್ರ ಸರಿಯಿತ್ತು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಬಲ ಹೆಚ್ಚಿದವನನ್ನು ಆ ಪ್ರಯೋಗಶಾಲೆ ಕಂಡಿರಲಿಲ್ಲ. ಪ್ರೊಫೆಸರು ಕೋಟು ಬಿಚ್ಚಿ ಕುರ್ಚಿಯ ಮೇಲೆ ಎಸೆದರು. ಅವರು ಭಾವೋದ್ರೇಕದಲ್ಲಿ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ. ಗುಂಪು ಚಿಕ್ಕದು. ಓಟ ಮತ್ತು ಭಾರ ಎರಡನ್ನೂ ಮಾಡಿದವರ ಸರಾಸರಿಯನ್ನು ಪುಟ್ಟಮಾದನ ಒಂದು ಜಿಗಿತ ಎತ್ತಿ ನಿಲ್ಲಿಸಿತು. ಓಟ ಬಲವನ್ನು ತಿನ್ನುವುದಿಲ್ಲ ಎಂಬ ಪ್ರೊಫೆಸರರ ಮಾತು ಗೆದ್ದಿತು. ಶುಕ್ರವಾರ ಹೊರಗಿನ ವಿದ್ವಾಂಸರ ಮುಂದೆ ಕೈಸಾ ಇದನ್ನು ಮಂಡಿಸಬೇಕು. ಕೇಕು ಬಂತು. ಕೈಸಾ ಕುಯ್ದು ಮೊದಲ ತುಂಡನ್ನು ಪುಟ್ಟಮಾದನಿಗೆ ಕೊಟ್ಟಳು.

ಹಬೆಯ ಕೋಣೆ

ಅದೇ ಸಂಜೆ ಅಲ್ಲಿನವರ ಪದ್ಧತಿಯಂತೆ ಎಲ್ಲರೂ ಹಬೆಯ ಸ್ನಾನಕ್ಕೆ ಹೋದೆವು. ಒಳಗೆ ಗಂಡಸರೆಲ್ಲ ಹುಟ್ಟಿದ ಹಾಗೆ ಕೂತಿದ್ದರು, ಪ್ರೊಫೆಸರು ಸಹ. ಗುರುವನ್ನು ಆ ಸ್ಥಿತಿಯಲ್ಲಿ ನೋಡಿದ ಮೇಲೆ ಅವರ ಮುಂದೆ ತರ್ಕ ಮಾಡುವುದು ಹೇಗೆ ಎಂದು ನನಗೆ ಈಗಲೂ ಗೊತ್ತಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋಗಿ ಹಿಮದಲ್ಲಿ ಹೊರಳಿದರು. ಟವೆಲ್ ಬಿಗಿಯಾಗಿ ಹಿಡಿದ ನಾವಿಬ್ಬರು ಉಳಿದೆವು.

“ಅದು ಹೇಗಯ್ಯ ಅಷ್ಟು ಬಲ ಬಂತು?” ಎಂದೆ.

“ಬಂದಿದ್ದೆಲ್ಲಿ ಸಾ? ಇತ್ತಲ್ಲ.”

“ಮೊದಲ ದಿನ ಇರಲಿಲ್ಲವಲ್ಲ.”

ಆಗ ಅವನು ನಕ್ಕದ್ದು. ನಕ್ಕ ಎಂದು ನನ್ನ ನೆನಪು. “ಮೊದಲ್ನೆ ದಿನವೇ ಸಾವ್ಕಾರ್ರ ಮುಂದೆ ಪೂರಾ ಬಲ ತೋರ್ಸಾಕಾಯ್ತದಾ ಸಾ? ತೋರ್ಸುದ್ರೆ ನಾಳಿಂದ ಅದೇ ಅಳ್ತೆ ಆಗೋಯ್ತದೆ. ದಿನಾ ಅಷ್ಟೇ ಒರು ಅಂತರೆ. ಜ್ವರ ಬಂದ್ರೂ ಅಷ್ಟೇ, ಮುದ್ಕ ಆದ್ರೂ ಅಷ್ಟೇ. ನಾನೊಬ್ಬ ತೋರ್ಸುದ್ರೆ ಜತೇಲಿರಾ ಎಲ್ಲಾರ್ಗೂ ಅದೇ ಅಳ್ತೆ. ಮಂಡೀಲಿ ಯಾರೂ ತೋರ್ಸಾದಿಲ್ಲ.”

ನಾನು ಟವೆಲ್ ಬಿಗಿದುಕೊಂಡು ಎದ್ದುನಿಂತೆ.

“ಇವರು ಸಾಹುಕಾರರಲ್ಲವಯ್ಯ! ವಿಜ್ಞಾನಿಗಳು!”

“ಬಿಳೀ ಕೋಟ್ ಆಕ್ಕಂಡು, ಪೆನ್ ಇಡ್ಕಂಡು, ತಾವು ನಿಂತ್ಕಂಡು ನನ್ನ ಗೇಯ್ಸಾದ ನೋಡ್ತಿದ್ರಲ್ಲ ಸಾ, ಇನ್ಯಾರು ಅವ್ರು? ಮೇಸ್ತ್ರಿ ತರ ಕಿವಿ ತಾವ ಕೂಗ್ತಾ ಬ್ಯಾರೆ ಇದ್ಲು ಕೈಸವ್ವ.”

“ಮತ್ತೆ ಇವತ್ತು ಯಾಕೆ ತೋರಿಸಿದೆ?”

“ಕೊನೆ ದಿನ ಅಲ್ವಾ. ನಾಳಿಂದ ಇಲ್ಲಿ ಗೇಯಂಗಿಲ್ಲ. ಓಗಾ ಗಳ್ಗೇಲಿ ತೋರ್ಸುದ್ರೆ ಏನ್ ನಷ್ಟ? ಆ ಎಣ್ಮಗ್ಳೂ ವಸಿ ಸಂತೋಸ ಪಟ್ಕಳ್ಲಿ ಅಂತ.”

ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ಅವಳ ಪ್ರಬಂಧ ಎಂದು ಅವನಿಗೆ ವಿವರಿಸಿದೆ. ಮೊದಲ ಅಳತೆ ಸುಳ್ಳಾದರೆ ಜಿಗಿತವೂ ಸುಳ್ಳು, ಜಿಗಿತ ಸುಳ್ಳಾದರೆ ಅವಳ ಮೂರು ವರ್ಷವೂ ಸುಳ್ಳು. ಅವನ ಮುಖದಿಂದ ನಗು ನಿಧಾನವಾಗಿ ಇಳಿಯಿತು. ಕೇಕಿನ ರುಚಿ ಇನ್ನೂ ಬಾಯಲ್ಲಿತ್ತೋ ಏನೋ, ತುಟಿ ಒರೆಸಿಕೊಂಡ.

“ಅಂಗಂತ ನಂಗ್ಯಾರ್ ಏಳುದ್ರು ಸಾ? ಬಲ ನೋಡ್ಬೇಕು ಅಂದ್ರು. ಅವ್ಳ ಓದು ನನ್ನ ಕಾಲ್ ಮ್ಯಾಲೆ ನಿಂತದೆ ಅಂತ ಯಾರೂ ಏಳ್ನಿಲ್ಲ.”

ಅದು ನಿಜ. ಯಾರೂ ಹೇಳಿರಲಿಲ್ಲ.

ಕೈಸಾಳ ಕೋಣೆ

ಹೇಳಬೇಕೇ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಶುಕ್ರವಾರದ ಸಭೆಗೆಂದು ಮಾಡಿಸಿದ ಭಿತ್ತಿಪತ್ರದಲ್ಲಿ ಪುಟ್ಟಮಾದನ ಫೋಟೋ ಆಗಲೇ ಅಚ್ಚಾಗಿತ್ತು. ಒಪ್ಪಿಕೊಂಡರೆ ಅವಳ ಬೇಸಿಗೆಯ ಪದವಿ ಹೋಯಿತು. ಸುಮ್ಮನಿದ್ದರೆ ಗೊತ್ತಾಗುವ ದಾರಿಯೇ ಇಲ್ಲ, ಏಕೆಂದರೆ ಕನ್ನಡ ಬಲ್ಲವರು ಅಲ್ಲಿ ನಾವಿಬ್ಬರೇ. ಪುಟ್ಟಮಾದನಿಗೆ ಅಂಥ ಸುತ್ತಾಟವಿರಲಿಲ್ಲ. ಬೆಳಿಗ್ಗೆ ಎದ್ದವನೇ ಉಣ್ಣೆಯ ಕಾಲುಚೀಲ ಏರಿಸಿಕೊಂಡು, “ನಡೀರಿ ಸಾ, ಏಳ್ಬುಡಾವ” ಎಂದು ಹೊರಟೇಬಿಟ್ಟ.

ಕೈಸಾ ಭಾಷಣ ಸಿದ್ಧ ಮಾಡುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಮಾತಿಗೆ ಮಾತು ಇಂಗ್ಲಿಷಿಗೆ ತಿರುಗಿಸಿದೆ. ಅವಳು ಮೊದಲು ಅರ್ಥವಾಗದವಳಂತೆ ಕೇಳಿದಳು, ಆಮೇಲೆ ಬಿಳಿಚಿಕೊಂಡಳು. ಭಾಷಣದ ಹಾಳೆಗಳನ್ನು ಪಕ್ಕಕ್ಕೆ ಸರಿಸಿದಳು.

“ಈಗ ಇನ್ನೊಂದ್ಸಲ ಅಳೀರಿ ಕೈಸವ್ವ. ಎಷ್ಟ್ ಬೇಕೋ ಅಷ್ಟ್ ತೋರ್ಸ್ತೀನಿ.”

“ನನಗೆ ಬೇಕಾದದ್ದು ನಿನ್ನ ಈಗಿನ ಬಲವಲ್ಲ,” ಎಂದಳು ಅವಳು. “ಆ ಮೊದಲ ದಿನದ್ದು. ಅದು ಕಳೆದುಹೋಯಿತು.”

ಅವನು ಯೋಚಿಸಿದ. “ಅಂಗಾರೆ ಎಲ್ಡ್ ತಿಂಗ್ಳು ಏನೂ ಮಾಡ್ದೆ ಕುಂತು ಉಣ್ತೀನಿ. ಮೈ ಸಡ್ಲ ಆಯ್ತದೆ. ಮೊದ್ಲಿನಂಗಾಯ್ತೀನಿ. ಆವಾಗ ಅಳೀರಿ. ಅಟ್ಟಿಗೆ ಕಾಗ್ದ ಬರುದ್ಬುಡಿ ಸಾ, ಪುಟ್ಟಮಾದ ಈಗ್ಲೇ ಬರಾದಿಲ್ಲ ಅಂತ.”

ನನಗೆ ನಗು ಬಂತು. ಕೈಸಾ ನಗಲಿಲ್ಲ. ಕಾಗದ ತೆಗೆದು ಅದು ಸಾಧ್ಯವೇ ಎಂದು ನಿಜಕ್ಕೂ ಲೆಕ್ಕ ಹಾಕಲು ಕೂತಳು! ತಾಲೀಮು ಬಿಟ್ಟರೆ ಬಲ ಇಳಿಯುವುದು ನಿಜ, ಆದರೆ ಹಳೆಯ ಜಾಗಕ್ಕೇ ಬಂದು ನಿಂತಿತು ಎಂದು ಹೇಳಲಾಗದು ಎಂದು ಅವನಿಗೆ ವಿವರಿಸಿದಳು. ಅವನು ತಲೆಯಾಡಿಸಿದ. ಅವಳು ಪೆನ್ನು ಮುಚ್ಚಿಟ್ಟಳು. ಅವನಿಲ್ಲದೆ ಲೆಕ್ಕ ಮಾಡಿದರೆ ಉಳಿದವರಲ್ಲಿ ಓಟ ಬಲವನ್ನು ತಿಂದಂತೆಯೇ ಕಾಣುತ್ತಿತ್ತು. ಪ್ರೊಫೆಸರರ ಮಾತಿಗೆ ತೀರ ಉಲ್ಟಾ. ಆದರೆ ಹಾಗೆಂದು ಖಚಿತವಾಗಿ ಹೇಳಲು ಜನ ಸಾಲದು.

ಶುಕ್ರವಾರ

ಭಾಷಣದ ಕೋಣೆ ತುಂಬಿತ್ತು. ಕೈಸಾ ಎದ್ದು ನಿಂತು ತನ್ನ ಮೊದಲ ಮಾತಿಗೇ ಹೇಳಿಬಿಟ್ಟಳು: “ನಾನು ಇವತ್ತು ತೋರಿಸಬೇಕೆಂದಿದ್ದ ಫಲಿತಾಂಶ ನಿಲ್ಲುವುದಿಲ್ಲ.” ಆಮೇಲೆ ಏಕೆ ಎಂದು ಹೇಳಿದಳು. ಪುಟ್ಟಮಾದನನ್ನು ಸುಳ್ಳ ಎನ್ನಲಿಲ್ಲ. “ಪೂರ್ತಿ ಬಲ ಕೊಡಿ ಎಂದು ನಾವು ಕೇಳಿದೆವು. ಯಾಕೆ ಕೊಡಬೇಕೆಂದು ಹೇಳಲಿಲ್ಲ,” ಎಂದಳು. ಇದು ಅವಳ ಮಾತೋ, ನಾನು ಆಮೇಲೆ ಜೋಡಿಸಿಕೊಂಡದ್ದೋ ಪ್ರಮಾಣ ಮಾಡಲಾರೆ.

ನಾನು ಕಾದದ್ದು ಗುಡುಗಿಗೆ. ನನಗೆ ಗೊತ್ತಿದ್ದ ವಿಭಾಗಗಳಲ್ಲಿ ಗುರುವಿನ ಮಾತನ್ನು ಹತ್ತು ಜನರ ಮುಂದೆ ಹೀಗೆ ಕೆಡವಿದ ವಿದ್ಯಾರ್ಥಿ ಮರುದಿನದಿಂದ ಬೇರೆ ಊರು ನೋಡಿಕೊಳ್ಳಬೇಕು. ಪ್ರೊಫೆಸರು ಕಾಫಿ ಬಟ್ಟಲು ಕೆಳಗಿಟ್ಟು, ನನ್ನ ಕಡೆ ತಿರುಗಿ, ಒಂದೇ ಪ್ರಶ್ನೆ ಕೇಳಿದರು. “ಇದು ನಿಜವೇ? ನಿಮ್ಮ ಕಡೆಯ ಆಳುಗಳು ಹಾಗೆ ಮಾಡುತ್ತಾರೆಯೇ?”

ಹುಟ್ಟಿದಾಗಿನಿಂದ ಮೂಟೆ ಹೊರುವವರನ್ನು ನೋಡಿದ್ದೆ. ಒಂದು ಮೂಟೆಯನ್ನೂ ಹೊತ್ತಿರಲಿಲ್ಲ, ಹೊರುವವನನ್ನು ಏನನ್ನೂ ಕೇಳಿರಲಿಲ್ಲ. ವಿಮಾನದ ವಾಂತಿ ನೆನಪಾಯಿತು. ನಿಜಕ್ಕೂ ಆ ದಿನ ಅವನಲ್ಲಿ ಬಲವಿರಲಿಲ್ಲವೇನೋ, ಗುಮಾಸ್ತನಿಗಿಂತ ಕಡಿಮೆ ಬಿದ್ದ ಅವಮಾನಕ್ಕೆ ಈ ಕತೆ ಹೊಲಿದನೇನೋ. ಹಾಗಿದ್ದರೆ ಜಿಗಿತ ನಿಜವೇ ಆಗಿರಬಹುದು, ಕೈಸಾ ಸುಮ್ಮನೆ ತನ್ನ ಕಾಲಿನ ಮೇಲೆ ತಾನೇ ಕೊಡಲಿ ಹಾಕಿಕೊಂಡಂತೆ.

“ಗೊತ್ತಿಲ್ಲ,” ಎಂದೆ.

“ನಾನು ನಂಬುತ್ತೇನೆ,” ಎಂದಳು ಕೈಸಾ. ಪ್ರೊಫೆಸರು, ಹಾಗಾದರೆ ಮೊದಲಿನಿಂದ ಶುರುಮಾಡೋಣ ಎಂದರು. ಸಭೆ ಮುಗಿಯಿತು. ಅವರು ತಮ್ಮ ಕಾಫಿ ಬಟ್ಟಲನ್ನು ತಾವೇ ತೊಳೆದಿಟ್ಟು ಹೋದರು. ಹಿಂದಿನ ಸಾಲಿನಲ್ಲಿದ್ದ ಪುಟ್ಟಮಾದ ಮುಂದೆ ಬಂದು ಗೋಡೆಯಿಂದ ತನ್ನ ಫೋಟೋ ಇದ್ದ ಭಿತ್ತಿಪತ್ರ ಬಿಡಿಸಿ, ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡ. “ಇವ್ರ್ಗೆ ಬ್ಯಾಡ್ದಿದ್ರೆ ನಮ್ಮ ಅಟ್ಟೀಲಿ ಆಕ್ತೀನಿ,” ಎಂದ. ಅವನ ಕಣ್ಣು ಕೆಂಪಾಗಿತ್ತು.

ಯಳಂದೂರು

ನಾವು ಊರಿಗೆ ಮರಳಿದ ಮೇಲೆ ಕೈಸಾ ಹೊಸ ಗುಂಪು ಕಟ್ಟಿ ಮೊದಲಿನಿಂದ ಶುರುಮಾಡಿದಳು. ಈ ಸಲ ಅಳೆಯುವ ಮುಂಚೆ ಪ್ರತಿಯೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಈ ಅಳತೆ ಯಾರ ಮೇಲೂ ಹೊರೆಯಾಗುವುದಿಲ್ಲ ಎಂದು ಹೇಳುತ್ತೇನೆ ಎಂದು ನನಗೆ ಕಾಗದ ಬರೆದಿದ್ದಳು. ಪದವಿ ತಡವಾಗಿ ಬಂತು. ಓಟ ಬಲವನ್ನು ಸ್ವಲ್ಪ ತಿನ್ನುತ್ತದೆ ಎಂದೇ ಅವಳಿಗೆ ಕಂಡಿತಂತೆ. ಪುಟ್ಟಮಾದ ಮಂಡಿಗೆ ಮರಳಿದ. ಫಿನ್‌ಲೆಂಡಿನಲ್ಲಿ ಏನು ಮಾಡಿದೆ ಎಂದು ಕೇಳಿದವರಿಗೆ, “ಒಂದೆಣ್ಣಿನ ಓದು ಕೆಡ್ಸ್ಬುಟ್ ಬಂದೆ ಕಣ್ಲಾ,” ಎನ್ನುತ್ತಿದ್ದನಂತೆ.

ನನ್ನನ್ನು ಮಾತ್ರ ಪ್ರೊಫೆಸರರ ಪ್ರಶ್ನೆ ಬಿಟ್ಟಿರಲಿಲ್ಲ. ಹನೂರಿನ ಮಂಡಿಯಲ್ಲಿ ಕೇಳಿ ಪ್ರಯೋಜನವಿಲ್ಲ, ಅಲ್ಲಿ ಎಲ್ಲರೂ ಅವನ ಸ್ನೇಹಿತರು, ಅವನ ಮಾತನ್ನೇ ಹೇಳುತ್ತಾರೆ. ಅವನ ಹೆಸರೇ ಕೇಳದ ಜನ ಬೇಕಿತ್ತು, ನಾನು ಏನು ಹುಡುಕುತ್ತಿದ್ದೇನೆಂದು ಅವರಿಗೆ ತಿಳಿಯಬಾರದಿತ್ತು.

ಒಂದು ಸುಗ್ಗಿಯಲ್ಲಿ ಯಳಂದೂರಿನಲ್ಲಿ ಪರಿಚಯದವರೊಬ್ಬರು ಹೊಸ ಅಕ್ಕಿ ಗಿರಣಿ ತೆರೆದರು. ಭತ್ತ ಇಳಿಸುವ ಮೊದಲ ದಿನ ನಾನು ಹೋಗಿ ಕೂತೆ. ಹೊನ್ನೂರಿನ ಕಡೆಯಿಂದ ಲಾರಿ ಬಂತು. ಮಾಲೀಕರು ಬಿಳಿ ಅಂಗಿ ತೊಟ್ಟು ಜಗುಲಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಆಳುಗಳು ಮೂಟೆಯೊಂದಕ್ಕೆ ಇಬ್ಬಿಬ್ಬರಂತೆ ಎರಡು ತುದಿ ಹಿಡಿದು, ನರಳುತ್ತ, ನಡುವೆ ಇಳಿಸಿ ಬೆವರೊರೆಸಿಕೊಳ್ಳುತ್ತ ಒಳಗೆ ಸಾಗಿಸುತ್ತಿದ್ದರು.

“ನೋಡಿ ಮೇಷ್ಟ್ರೇ, ಈಗಿನ ಆಳುಗಳಲ್ಲಿ ತ್ರಾಣವೇ ಇಲ್ಲ,” ಎಂದು ಮಾಲೀಕರು ಬೇಸರಪಟ್ಟುಕೊಂಡು ಊಟಕ್ಕೆ ಎದ್ದರು. ನಾನು ಬರುವುದಿಲ್ಲ ಎಂದೆ. ಹೊರಟವನಂತೆ ರಸ್ತೆಗೆ ಬಂದು, ಆಚೆ ಬದಿಯ ಹುಣಸೆ ಮರದ ಹಿಂದೆ ನಿಂತೆ.

“ಓದ್ರಾ?” ಎಂದಿತು ಒಂದು ದನಿ.

“ಓದ್ರು ಕಣ್ಲಾ. ಮೇಷ್ಟ್ರೂ ಓದ್ರು. ಬಿರ್ಬಿರ್ನೆ ಮುಗ್ಸ್ಬುಟ್ಟು ಉಣ್ಣಾಕ್ ಓಗವ ಏಳಿ.”

ಒಬ್ಬೊಬ್ಬನೂ ಲಾರಿಯ ಅಂಚಿಗೆ ಬೆನ್ನು ಕೊಟ್ಟು, ಒಂದೊಂದು ಮೂಟೆಯನ್ನು ಒಂಟಿಯಾಗಿ ಹೇರಿಕೊಂಡು, ಮಾತಾಡುತ್ತ ನಗುತ್ತ ಓಡುನಡಿಗೆಯಲ್ಲಿ ಒಳಗೆ ಹೋದ. ಕೊನೆಯ ಮೂಟೆ ಇಳಿಯುವವರೆಗೂ ನೋಡಿದೆ. ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ ಕೈಸಾಳಿಗೆ ಬರೆದು ಹಾಕಿದೆ: ಪುಟ್ಟಮಾದ ಹೇಳಿದ್ದು ನಿಜ.